‘ಒಕ್ಕಲು’ ಪದದ ಸುತ್ತ

ಸಂಶೋಧನ ಪ್ರಬಂಧದ ಎರಡನೆಯ ಅಧ್ಯಾಯದ ಕರಡನ್ನು ಮಾರ್ಗದರ್ಶಕರು ತಿದ್ದಿ ಹಿಂದಿರುಗಿಸಿದಾಗ ಅದರಲ್ಲಿ ಒಂದೇ ಬಗೆಯ ತಿದ್ದುಪಡಿ ಹದಿನೇಳು ಕಡೆ ಕಾಣಿಸಿತು. ನಾನು ‘ವಕ್ಕಲು’ ಎಂದು ಬರೆದಿದ್ದಲ್ಲೆಲ್ಲ ಮೊದಲಕ್ಷರವನ್ನು ಹೊಡೆದುಹಾಕಿ ಕೆಂಪು ಶಾಯಿಯಲ್ಲಿ ‘ಒ’ ಎಂದು ಬರೆಯಲಾಗಿತ್ತು. ಅವುಗಳಲ್ಲಿ ಮೂರು ನಿಜಕ್ಕೂ ನನ್ನವೇ ತಪ್ಪುಗಳು. ತಿಂಗಳುಗಟ್ಟಲೆ ಹಳೆಯ ಕಾಗದಪತ್ರಗಳನ್ನು ನಕಲು ಮಾಡುತ್ತ ಕುಳಿತವರ ಕೈಗೆ ಆ ಕಾಗದಗಳ ಚಾಳಿ ಅಂಟಿಕೊಳ್ಳುವುದು ಸಹಜ. ಉಳಿದ ಹದಿನಾಲ್ಕು ಮಾತ್ರ ದಾಖಲೆಗಳಿಂದ ಎತ್ತಿಕೊಂಡ ವಾಕ್ಯಗಳಲ್ಲಿದ್ದವು. ಆ ಹದಿನಾಲ್ಕರಲ್ಲಿ ನಾಲ್ಕು ನನ್ನ ಅಜ್ಜನ ಬಾಯಿಂದ ಬಂದು ಯಾರೋ ಗುಮಾಸ್ತರ ಕೈಯಲ್ಲಿ ಬರೆಹಕ್ಕಿಳಿದವು. ಇವುಗಳನ್ನು ತಿದ್ದಬೇಕೆ ಬೇಡವೇ ಎಂಬ ಸಣ್ಣ ಪ್ರಶ್ನೆಯೇ ಪ್ರಸ್ತುತ ಬರೆಹಕ್ಕೆ ಕಾರಣ. ಪ್ರಶ್ನೆ ಕಾಗುಣಿತದ್ದೆಂದು ತೊಡಗಿದೆ. ಅದು ಅಲ್ಲಿಗೇ ನಿಲ್ಲಲಿಲ್ಲ.

ಮೊದಲು ಕಾಗುಣಿತದ ಮಾತನ್ನೇ ಮುಗಿಸಿಕೊಳ್ಳಬಹುದು. ಕನ್ನಡದಲ್ಲಿ ಪದಾದಿಯ ಒ, ಓಗಳನ್ನು ಉಚ್ಚರಿಸುವಾಗ ತುಟಿಗಳು ದುಂಡಗಾಗಿ ಒಂದು ಅಸ್ಫುಟವಾದ ವಕಾರ ಮುಂದೆ ಸೇರಿಕೊಳ್ಳುತ್ತದೆ. ಎ, ಏಗಳ ಮುಂದೆ ಯಕಾರ ಸೇರುವುದೂ ಇದೇ ಬಗೆಯದು. ‘ವೊಂದು’, ‘ಯೆರಡು’ ಎಂದು ಬರೆದಿರುವ ಹಸ್ತಪ್ರತಿಗಳನ್ನೂ ಕಡತಗಳನ್ನೂ ಕಾಣದ ಗ್ರಂಥಸಂಪಾದಕರಿಲ್ಲ. ಇಂದಿಗೂ ಶಾಲೆಯ ಮಕ್ಕಳ ಉತ್ತರಪತ್ರಿಕೆಗಳಲ್ಲಿ ಈ ರೂಪಗಳು ಧಾರಾಳವಾಗಿ ಸಿಗುತ್ತವೆ. ‘ಒಕ್ಕಲು’ ಹೀಗೆ ‘ವೊಕ್ಕಲು’ ಆಗುತ್ತದೆ. ಬರೆಯುವವನ ಅವಸರದಲ್ಲಿ ಒಕಾರದ ಕೊಂಬು ಬಿದ್ದುಹೋಗಿ ‘ವಕ್ಕಲು’ ಉಳಿಯುತ್ತದೆ. ಇಂಗ್ಲಿಷಿನಲ್ಲಿ ‘ಒಕ್ಕಲಿಗ’ ಎಂಬ ಹೆಸರನ್ನು ‘ವಿ’ ಅಕ್ಷರದಿಂದ ಆರಂಭಿಸಿ ಬರೆಯುವ ರೂಢಿ ಬೆಳೆದುದೂ ಕೇಳಿದ್ದನ್ನು ಕೇಳಿದಂತೆ ಬರೆದ ಕಿವಿಯಿಂದಲೇ. ಆದ್ದರಿಂದ ‘ವಕ್ಕಲು’ ಅಜ್ಞಾನದ ಬರೆಹವೆಂದು ತಳ್ಳಿಹಾಕುವಂಥದಲ್ಲ. ಅದು ಉಚ್ಚಾರಣೆಯ ಒಂದು ದಾಖಲೆ. ಶಿಷ್ಟ ಬರೆಹದಲ್ಲಿ ‘ಒಕ್ಕಲು’ ಎಂಬುದೇ ಸರಿ ಎಂಬಲ್ಲಿ ನನಗೆ ಅನುಮಾನವಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದ ಒಂದು ಪದವೂ ಇಲ್ಲೇ ಪಕ್ಕದಲ್ಲಿದೆ. ‘ಪತ್ರದ ಒಕ್ಕಣೆ’ ಎಂಬಲ್ಲಿಯ ‘ಒಕ್ಕಣೆ’, ಸಂಸ್ಕೃತದ ‘ವ್ಯಾಖ್ಯಾನ’ ಪ್ರಾಕೃತದ ದಾರಿಯಲ್ಲಿ ‘ವಕ್ಖಾಣ’ವಾಗಿ, ಕನ್ನಡದಲ್ಲಿ ‘ವಕ್ಕಣೆ’ಯಾಗಿ ಬಂದುದರ ರೂಪವೆಂದು ತಿಳಿಯಲು ಆಸ್ಪದವಿದೆ. ಅಲ್ಲಿ ನ್ಯಾಯವಾಗಿ ಇರಬೇಕಾದ ವಕಾರ ಒಕಾರವಾಗಿದೆ. ಇಲ್ಲಿ ಇರಬೇಕಾದ ಒಕಾರ ವಕಾರವಾಗಿದೆ. ಕಣದಲ್ಲಿ ನಡೆಯುವ ಒಕ್ಕಣೆಗೂ ಕಾಗದದ ಒಕ್ಕಣೆಗೂ ನಂಟು ಕಲ್ಪಿಸಿ, ಕಾಳು ಜೊಳ್ಳುಗಳನ್ನು ಬೇರ್ಪಡಿಸಿದಂತೆ ಮಾತನ್ನು ಹಸನುಗೊಳಿಸುವುದೇ ಒಕ್ಕಣೆ ಎಂದು ಒಬ್ಬರು ವಿಚಾರ ಸಂಕಿರಣದಲ್ಲಿ ಹೇಳಿದಾಗ ಸಭೆ ತಲೆದೂಗಿತ್ತು. ನಾನೂ ತಲೆದೂಗಿದ್ದೆ. ಇಂಥ ನಿಷ್ಪತ್ತಿಗಳು ಕೇಳಲು ಎಷ್ಟು ಸೊಗಸಾಗಿರುತ್ತವೆಯೋ ಅಷ್ಟೂ ಸಂಶಯಕ್ಕೆ ಅರ್ಹವಾಗಿರುತ್ತವೆ ಎಂಬುದು ಆಮೇಲೆ ತಿಳಿಯಿತು.

‘ಒಕ್ಕಲು’ ಪದಕ್ಕೂ ಅಂಥದೇ ಸೊಗಸಾದ ಒಂದು ನಿಷ್ಪತ್ತಿ ಚಾಲ್ತಿಯಲ್ಲಿದೆ. ‘ಒಕ್ಕು’ ಎಂದರೆ ತೆನೆಯನ್ನು ತುಳಿಸಿ ಕಾಳು ಬಿಡಿಸುವುದು. ಒಕ್ಕುವವನು ಒಕ್ಕಲಿಗ, ಅವನ ವೃತ್ತಿ ಒಕ್ಕಲುತನ ಎಂಬುದು ಆ ವಿವರಣೆ. ಬಯಲುಸೀಮೆಯ ಕಣವನ್ನು ಕಂಡವರಿಗೆ ಇದು ಒಡನೆಯೇ ಒಪ್ಪಿಗೆಯಾಗುತ್ತದೆ. ನಡುವೆ ಮೇಟಿ, ಅದಕ್ಕೆ ಕಟ್ಟಿದ ಎತ್ತುಗಳ ಹಂತಿ, ಇಲ್ಲವೇ ಸುತ್ತುವ ರೋಣಗಲ್ಲು, ರಾತ್ರಿಯುದ್ದಕ್ಕೂ ಹಾಡು. ಈಗ ಆ ಕಣಗಳು ವಿರಳವಾಗಿವೆ. ಹಳೆಯ ಮೈಸೂರಿನ ಕಡೆ ಸುಗ್ಗಿಯಲ್ಲಿ ಬಸ್ಸಿನಲ್ಲಿ ಹೋಗುವವರು ಡಾಂಬರು ರಸ್ತೆಯ ಮೇಲೆ ಹರಡಿದ ಹುರುಳಿ, ರಾಗಿಗಳ ಮೇಲೆ ಚಕ್ರಗಳು ಹಾಯುವುದನ್ನು ಕಾಣುತ್ತಾರೆ. ಎತ್ತಿನ ಗೊರಸಿನ ಕೆಲಸವನ್ನು ಹೀಗೆ ಸರ್ಕಾರಿ ಬಸ್ಸಿಗೆ ವಹಿಸಿಕೊಟ್ಟ ಮೇಲೂ ಅದರ ಹೆಸರು ಒಕ್ಕಣೆಯೇ. ಕ್ರಿಯಾಪದ ಅಷ್ಟು ಗಟ್ಟಿ.

ಆದರೆ ‘ಒಕ್ಕಲು’ ಈ ಕ್ರಿಯಾಪದದಿಂದ ಹುಟ್ಟಿತು ಎಂಬುದನ್ನು ಒಪ್ಪಲು ನನಗೆ ಕೆಲವು ಅಡ್ಡಿಗಳಿವೆ. ಮೊದಲನೆಯದು ಶಾಸನಗಳದ್ದು. ಎಣ್ಣೆ ತೆಗೆಯುವ ತೆಲ್ಲಿಗರ ಸಂಘವನ್ನು ನಮ್ಮ ಶಾಸನಗಳು ‘ಐವತ್ತೊಕ್ಕಲು’ ಎಂದು ಕರೆಯುತ್ತವೆ. ತೆಲ್ಲಿಗರು ಗಾಣ ತಿರುಗಿಸುವವರೇ ಹೊರತು ತೆನೆ ಒಕ್ಕುವವರಲ್ಲ. ಇಲ್ಲಿ ‘ಒಕ್ಕಲು’ ಎಂದರೆ ಮನೆತನ, ಕುಟುಂಬ ಎಂದೇ ಅರ್ಥ ಮಾಡಬೇಕಾಗುತ್ತದೆ. ಎರಡನೆಯದು ಸೋದರ ಭಾಷೆಗಳ ಸಾಕ್ಷ್ಯ. ತಮಿಳಿನ ಸಂಗಂ ಸಾಹಿತ್ಯದಲ್ಲಿ ‘ಒಕ್ಕಲ್’ ಎಂದರೆ ನಂಟರು, ಬಳಗ. ಕೊಡವ ಭಾಷೆಯಲ್ಲಿ ‘ಒಕ್ಕ’ ಎಂದರೆ ತಂದೆಯ ಕಡೆಯಿಂದ ಬಂದ ಕೂಡುಕುಟುಂಬ. ಕೊಡವರ ಮನೆಹೆಸರುಗಳೆಲ್ಲ ಈ ಒಕ್ಕಗಳ ಹೆಸರುಗಳೇ. ತುಳುವಿನಲ್ಲಿ ‘ಒಕ್ಕೆಲ್’ ಎಂದರೆ ಗೇಣಿಯವನು. ಇವುಗಳಲ್ಲಿ ಎಲ್ಲಿಯೂ ಕಣ, ತೆನೆ, ತುಳಿತಗಳ ಸುಳಿವಿಲ್ಲ. ಒಟ್ಟಿಗೆ ಒಂದೆಡೆ ನೆಲೆಸಿರುವವರು ಎಂಬ ಅರ್ಥವೇ ಎಲ್ಲದರ ತಳದಲ್ಲಿ ಕಾಣುತ್ತದೆ.

ಮೂರನೆಯ ಅಡ್ಡಿ ನನ್ನ ಊರಿನದು. ನಾನು ಹುಟ್ಟಿ ಬೆಳೆದದ್ದು ಕುಂದಗನ್ನಡ ಮಾತಾಡುವ ಕರಾವಳಿಯ ಒಂದು ಹಳ್ಳಿಯಲ್ಲಿ. ಅಲ್ಲಿ ಭತ್ತದ ಸೂಡಿಯನ್ನು ಹಡಿಮಂಚಕ್ಕೆ ಬಡಿದು ಕಾಳು ಬಿಡಿಸುತ್ತಿದ್ದರು. ಈಗ ಯಂತ್ರ ಬಂದಿದೆ. ‘ಭತ್ತ ಬಡಿಯುವುದು’, ‘ಹೊಡೆಯುವುದು’ ಎಂದೇ ನಾನು ಕೇಳಿದ್ದು. ‘ಒಕ್ಕು’ ಎಂಬ ಕ್ರಿಯಾಪದವನ್ನು ಎಂ.ಎ. ತರಗತಿಗೆ ಬರುವ ತನಕ ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ. ‘ಒಕ್ಕಲು’ ಮಾತ್ರ ದಿನ ಬೆಳಗಾದರೆ ಕಿವಿಗೆ ಬೀಳುತ್ತಿದ್ದ ಪದ. ಮಗಳೇ ಇಲ್ಲದ ಕಡೆ ಮೊಮ್ಮಗಳು ಇಷ್ಟು ಸಮೃದ್ಧವಾಗಿ ಬಾಳುವುದು ಅಸಾಧ್ಯವಲ್ಲವಾದರೂ ಸಂಭವ ಕಡಿಮೆ. ಎರಡು ಬೇರೆ ಬೇರೆ ಪದಗಳು ಧ್ವನಿಸಾಮ್ಯದಿಂದ ಬಯಲುಸೀಮೆಯ ಜನಮನಸ್ಸಿನಲ್ಲಿ ಒಂದರೊಳಗೊಂದು ಬೆರೆತವು ಎಂದು ಊಹಿಸುವುದು ಹೆಚ್ಚು ಉಚಿತವೆಂದು ತೋರುತ್ತದೆ. ಅಂಥ ಬೆರಕೆಗೂ ಒಂದು ಸತ್ಯವಿರುತ್ತದೆ. ನೆಲೆಸಿದವನು ಉಳುತ್ತಾನೆ, ಉತ್ತವನು ಒಕ್ಕುತ್ತಾನೆ.

ಇಲ್ಲೊಂದು ಎಚ್ಚರಿಕೆಯ ಮಾತು. ನಮ್ಮ ಕಡೆಯವರು ಈ ಪದವನ್ನು ‘ಒಕ್ಕಲ್’ ಎಂದು ವ್ಯಂಜನಾಂತವಾಗಿ ಹೇಳುತ್ತಾರೆ. ಹಳಗನ್ನಡದ ರೂಪವೂ ‘ಒಕ್ಕಲ್’. ಕರಾವಳಿಯು ಹಳಗನ್ನಡವನ್ನು ಹಾಗೆಯೇ ಕಾಪಾಡಿಕೊಂಡು ಬಂದಿದೆ ಎಂದು ಬರೆದುಬಿಡುವ ಆಸೆ ನಮ್ಮ ಸೀಮೆಯ ಸಂಶೋಧಕರಿಗೆ ಆಗಾಗ ಆಗುತ್ತದೆ. ನನಗೂ ಆಗಿತ್ತು. ಆದರೆ ಕುಂದಗನ್ನಡ ಪದಾಂತ್ಯದ ಉಕಾರವನ್ನು ಎಲ್ಲೆಡೆಯೂ ಬೀಳಿಸುತ್ತದೆ. ‘ಅದು’ ಎಂಬುದು ‘ಅದ್’, ‘ಒಂದು’ ಎಂಬುದು ‘ಒಂದ್’. ಹೀಗಿರುವಾಗ ‘ಒಕ್ಕಲ್’ ಒಂದನ್ನೇ ಹಿಡಿದು ಪ್ರಾಚೀನತೆಯನ್ನು ಸಾಧಿಸಲಾಗದು.

ನಿಘಂಟುಗಳನ್ನು ನೋಡಿದರೆ, 1894ರ ಕಿಟ್ಟೆಲ್ ಕೋಶದಿಂದ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನವರೆಗೆ, ವಾಸ, ಕುಟುಂಬ, ಬೇಸಾಯಗಾರ, ಗೇಣಿಯವನು ಎಂಬ ಅರ್ಥಗಳು ಹೆಚ್ಚುಕಡಮೆ ಒಟ್ಟೊಟ್ಟಿಗೇ ಬರುತ್ತವೆ. ನಿಘಂಟಿನಲ್ಲಿ ಅವು ಅಕ್ಕಪಕ್ಕ ಕುಳಿತಿವೆ. ನಾಡಿನಲ್ಲಿ ಹಾಗಿಲ್ಲ, ಒಂದೊಂದು ಅರ್ಥ ಒಂದೊಂದು ಸೀಮೆಯನ್ನು ಹಿಡಿದಿದೆ. ಉತ್ತರ ಕರ್ನಾಟಕದಲ್ಲಿ ‘ಒಕ್ಕಲುತನ’ ಎಂದರೆ ಬೇಸಾಯ. ಅದನ್ನು ಯಾವ ಜಾತಿಯವರೂ ಮಾಡಬಹುದು, ಹೇಳಿಕೊಳ್ಳಬಹುದು. ದಕ್ಷಿಣಕ್ಕೆ ಬಂದರೆ ‘ಒಕ್ಕಲಿಗ’ ಜಾತಿಯ ಹೆಸರು. 1906ರಲ್ಲಿ ಒಕ್ಕಲಿಗರ ಸಂಘ ಸ್ಥಾಪನೆಯಾಗುವ ವೇಳೆಗೆ ವೃತ್ತಿವಾಚಕ ಸಮುದಾಯವಾಚಕವಾಗಿ ನಿಂತಿತ್ತು. ಹನ್ನೆರಡನೆಯ ಶತಮಾನದ ವಚನಕಾರರ ನಡುವೆ ಒಬ್ಬ ಒಕ್ಕಲಿಗ ಮುದ್ದಣ್ಣನಿದ್ದಾನೆ. ಅವನ ಹೆಸರಿನ ಜೊತೆಗಿರುವ ‘ಒಕ್ಕಲಿಗ’ವನ್ನು ಇಂದಿನ ಓದುಗರು ಜಾತಿಯೆಂದು ಓದುತ್ತಾರೋ ಕಾಯಕವೆಂದು ಓದುತ್ತಾರೋ ಎಂಬುದು ಅವರು ಯಾವ ಜಿಲ್ಲೆಯವರು ಎಂಬುದನ್ನು ಅವಲಂಬಿಸಿದೆ ಎಂದರೆ ಅತಿಶಯೋಕ್ತಿಯಾಗದು. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲು ಸಮುದಾಯದಲ್ಲಿ ಪದ ಇನ್ನೂ ‘ಇಗ’ ಪ್ರತ್ಯಯವಿಲ್ಲದೆ ಬರಿದೆ ‘ಒಕ್ಕಲು’ ಎಂದೇ ಜನರನ್ನು ಹೆಸರಿಸುತ್ತದೆ.

ಚಾಮರಾಜನಗರ, ಮೈಸೂರು ಸೀಮೆಗಳಲ್ಲಿ ಇನ್ನೊಂದು ಪ್ರಯೋಗವಿದೆ. ‘ನಾವು ಮಾದಪ್ಪನ ಒಕ್ಕಲು’ ಎಂದು ಜನ ಹೇಳುತ್ತಾರೆ. ಮಲೆಯ ಮಹದೇಶ್ವರನನ್ನು ಮನೆದೇವರಾಗಿ ನಂಬಿದ ಮನೆತನ ಎಂದು ಅರ್ಥ. ಇಲ್ಲಿ ಒಕ್ಕಲಿಗೆ ಜಾತಿಯ ಹಂಗಿಲ್ಲ, ಬೇಸಾಯದ ಹಂಗೂ ಇಲ್ಲ. ಆದರೆ ಒಡೆಯನೊಬ್ಬ ಇದ್ದಾನೆ, ಮತ್ತು ಒಕ್ಕಲು ಅವನಿಗೆ ಸೇರಿದ್ದು. ದೇವರಿಗೆ ಒಕ್ಕಲಾಗುವುದು ಹೆಮ್ಮೆ. ಈ ಪದದಲ್ಲಿ ನೆಲೆ ಮತ್ತು ಅಧೀನತೆ ಎರಡೂ ಬೇರ್ಪಡಿಸಲಾಗದಂತೆ ಹೆಣೆದುಕೊಂಡಿವೆ ಎಂಬುದು ನನಗೆ ಮೊದಲು ಹೊಳೆದದ್ದು ಈ ಪ್ರಯೋಗವನ್ನು ಕೇಳಿದಾಗ. ಸುಮ್ಮನೆ ನೆಲೆಸಿರುವುದು ಒಕ್ಕಲಲ್ಲ, ಯಾರದೋ ಆಶ್ರಯದಲ್ಲಿ ನೆಲೆಸಿರುವುದು ಒಕ್ಕಲು.

ಕರಾವಳಿಯಲ್ಲಿ ಆ ಒಡೆಯ ದೇವರಲ್ಲ, ಧಣಿ. 1956ರವರೆಗೆ ಮದರಾಸು ಆಡಳಿತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಭೂಮಿಯ ತೀರ್ವೆ ಕಟ್ಟುವ ವರ್ಗದಾರನಿದ್ದ. ಅವನ ಕೆಳಗೆ ಕಾಯಂ ಹಕ್ಕಿನ ಮೂಲಗೇಣಿ ಒಕ್ಕಲಿದ್ದ. ಅವನಿಗಿಂತ ಬಹಳ ಕೆಳಗೆ, ಧಣಿಯ ಮರ್ಜಿಯ ಮೇಲೆ ಬದುಕುವ ಚಾಲಗೇಣಿ ಒಕ್ಕಲಿದ್ದ. ಗೇಣಿಯನ್ನು ಮುಡಿ ಅಕ್ಕಿಯ ಲೆಕ್ಕದಲ್ಲಿ ಅಳೆಯುತ್ತಿದ್ದರು. ಇದೇ ಸೀಮೆಯಲ್ಲಿ ಹೊಸ ಮನೆಗೆ ಹೋಗಿ ಹಾಲು ಉಕ್ಕಿಸುವ ಶುಭಕಾರ್ಯದ ಹೆಸರೂ ‘ಒಕ್ಕಲು’. ಕುಂದಗನ್ನಡದಲ್ಲಿ ‘ಮನೆ ಒಕ್ಕಲ್’, ತುಳುವಿನಲ್ಲಿ ‘ಇಲ್ಲೊಕ್ಕೆಲ್’. ಹಾಲು ಉಕ್ಕುವುದರಿಂದ ‘ಉಕ್ಕಲು’, ಅದೇ ‘ಒಕ್ಕಲು’ ಎಂದು ನೆರೆಮನೆಯ ಹಿರಿಯರೊಬ್ಬರು ನನಗೆ ವಿವರಿಸಿದ್ದುಂಟು. ‘ಮನೆ ಹೊಕ್ಕಲು’ ಎಂದು ಅಚ್ಚು ಮಾಡಿಸಿದ ಕರೆಯೋಲೆಯೂ ಒಮ್ಮೆ ನಮ್ಮ ಮನೆಗೆ ಬಂದಿತ್ತು. ಹೊಗುವುದು, ಹೊಕ್ಕುವುದು ಎಂಬ ಅರ್ಥವನ್ನು ಪಾಪ ಅವರು ತಾವೇ ಹುಡುಕಿಕೊಂಡಿದ್ದರು. ಅದಾವುದೂ ಬೇಕಿಲ್ಲ. ನೆಲೆಯಾಗುವುದು ಎಂಬ ಹಳೆಯ ಅರ್ಥ ಅಲ್ಲಿ ಯಥಾವತ್ತಾಗಿ ಉಳಿದಿದೆ.

ಹೀಗೆ ಒಂದೇ ಊರಿನಲ್ಲಿ ಒಂದೇ ಪದ, ಸ್ವಂತ ಮನೆ ಕಟ್ಟಿ ನೆಲೆಯಾದವನ ಸಂಭ್ರಮಕ್ಕೂ ಸ್ವಂತದ್ದೆನ್ನಲು ಏನೂ ಇಲ್ಲದೆ ಇನ್ನೊಬ್ಬರ ನೆಲದಲ್ಲಿ ಕುಳಿತವನ ಸ್ಥಿತಿಗೂ ಸಲ್ಲುತ್ತಿತ್ತು. ಇದರಲ್ಲಿ ವಿರೋಧವಿದೆಯೆಂದು ನನಗೆ ತೋರಿತ್ತು. ಎಂಬತ್ತು ದಾಟಿದ ನನ್ನ ಅಜ್ಜಿಗೆ ತೋರಲಿಲ್ಲ. ಧ್ವನಿಮುದ್ರಣ ಮಾಡಿಕೊಳ್ಳುತ್ತ, ಕ್ಷೇತ್ರಕಾರ್ಯದ ಶಿಷ್ಟಾಚಾರದಂತೆ, ಒಕ್ಕಲು ಎಂದರೇನು ಎಂದು ಅವರನ್ನೇ ಕೇಳಿದೆ.

“ಅದ್ ಎಂತ ಕೇಂಬುದ್ ಮಗಾ? ಒಕ್ಕಲ್ ಅಂದ್ರೆ ಒಂದ್ ಕಡೆ ಕೂಕಂಬುದ್. ಅವ್ರ್ ಕೂಕಣಿ ಅಂದ್ರೆ ಕೂಕಣ್ಕ್. ಏಳಿ ಅಂದ್ರೆ ಏಳ್ಕ್.”

ಕುಳಿತುಕೊಳ್ಳುವುದು, ಏಳುವುದು. ಪತ್ರಿಕೆಗಳು ದಿನವೂ ಬಳಸುವ ‘ಒಕ್ಕಲೆಬ್ಬಿಸು’ ಎಂಬ ಕ್ರಿಯಾಪದವನ್ನು ನಾನು ಅಲ್ಲಿಯವರೆಗೆ ಬಿಡಿಸಿ ನೋಡಿರಲಿಲ್ಲ. ಕಾಡಂಚಿನ ಜನರನ್ನು, ಅಣೆಕಟ್ಟಿನ ಹಿನ್ನೀರಿನ ಹಳ್ಳಿಗಳನ್ನು, ನಗರದ ಕೊಳೆಗೇರಿಗಳನ್ನು ಒಕ್ಕಲೆಬ್ಬಿಸಲಾಗುತ್ತದೆ. ಗೇಣಿಯಾಗಲಿ ಬೇಸಾಯವಾಗಲಿ ಇಲ್ಲದ ಕಡೆಯೂ ಪದ ಸಲೀಸಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅದರ ಒಳಗಿರುವುದು ಅಜ್ಜಿ ಹೇಳಿದ ಕುಳಿತವರನ್ನು ಎಬ್ಬಿಸುವ ಚಿತ್ರ. ನಾಮಪದ ಮರೆಯಾಗುತ್ತಿರುವಾಗಲೂ ಅದನ್ನು ಕೆಡಿಸುವ ಕ್ರಿಯೆಯ ಹೆಸರು ಮಾತ್ರ ಹೀಗೆ ದೃಢವಾಗಿ ಉಳಿದುಕೊಂಡಿದೆ.

ಇನ್ನು ಅಜ್ಜನ ಹೇಳಿಕೆಯ ವಿಷಯ. ಮನೆಯ ಅಟ್ಟದ ಟ್ರಂಕಿನಲ್ಲಿ ಒಂದು ಕಟ್ಟು ಕಾಗದಗಳಿದ್ದವು. ಪ್ರಬಂಧಕ್ಕೆ ಸಾಮಗ್ರಿ ಹುಡುಕುತ್ತ ಊರೂರು ಅಲೆದು, ಪರಿಚಯಸ್ಥರ ಮನೆಗಳ ಗೇಣಿಚೀಟಿಗಳನ್ನೆಲ್ಲ ಕಾಡಿ ಬೇಡಿ ನೋಡಿದ ಮೇಲೆ, ಕೊನೆಗೆ ನಮ್ಮದೇ ಟ್ರಂಕನ್ನು ತೆರೆದೆ ಎಂಬುದನ್ನು ನಾಚಿಕೆಯಿಂದಲೇ ಹೇಳಬೇಕು. ಅದರಲ್ಲಿ ಏಳನೆಯ ನಮೂನೆಯ ಒಂದು ಪ್ರತಿ, ಭೂನ್ಯಾಯ ಮಂಡಳಿಯ ಮುಂದೆ ಅಜ್ಜ ಕೊಟ್ಟ ಹೇಳಿಕೆಯ ನಕಲು, ಎದುರುಪಕ್ಷದವರ ಹೇಳಿಕೆ ಮತ್ತು ಆದೇಶ ಇದ್ದವು.

ಹಿನ್ನೆಲೆ ಬಲ್ಲವರಿಗೆ ವಿವರ ಬೇಡ. ಆದರೂ ಇಂದಿನ ವಿದ್ಯಾರ್ಥಿಗಳಿಗಾಗಿ ನಾಲ್ಕು ಮಾತು. 1961ರ ಕರ್ನಾಟಕ ಭೂಸುಧಾರಣೆ ಕಾಯಿದೆಗೆ ದೇವರಾಜ ಅರಸು ಅವರ ಕಾಲದಲ್ಲಿ ಆದ ಮಹತ್ತ್ವದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿಗೆ ಕೊಟ್ಟಿದ್ದ ಭೂಮಿ ಸರ್ಕಾರದಲ್ಲಿ ನಿಹಿತವಾಯಿತು. ಉಳುತ್ತಿದ್ದ ಗೇಣಿದಾರ ಏಳನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿ, ಮಂಡಳಿಯ ಮುಂದೆ ತನ್ನ ಗೇಣಿಯನ್ನು ಸ್ಥಾಪಿಸಿದರೆ ಭೂಮಿಯ ಒಡೆಯನಾಗಬಹುದಿತ್ತು. ಅರ್ಜಿಯ ಕೊನೆಯ ಗಡುವು 1979ರ ಜೂನ್ 30ರವರೆಗೆ ವಿಸ್ತರಣೆಯಾಯಿತು. ಕೃಷಿ ಕಾರ್ಮಿಕನು ಭೂಮಾಲಿಕನ ನೆಲದಲ್ಲಿ ವಾಸವಾಗಿದ್ದರೆ ಅವನ ವಾಸದ ಮನೆಯ ಬಗೆಗೆ ಅದೇ ಕಾಯಿದೆಯ 38ನೆಯ ಕಲಮಿನಲ್ಲಿ ಬೇರೆಯ ಏರ್ಪಾಡು ಇತ್ತು. ಅಂದರೆ ಕಾಯಿದೆ ಉಳುವವನನ್ನೂ ವಾಸಿಸುವವನನ್ನೂ ಪ್ರತ್ಯೇಕಿಸಿತು. ಉಳುವವನಿಗೆ ಗದ್ದೆ, ವಾಸಿಸುವವನಿಗೆ ಮನೆಯಡಿ. ಕಾನೂನಿನ ಭಾಷೆಗೆ ಈ ವಿಂಗಡಣೆ ಅಗತ್ಯವಾಗಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ನಮ್ಮ ಸೀಮೆಯಲ್ಲಿ ಎರಡಕ್ಕೂ ಇದ್ದದ್ದು ಒಂದೇ ಪದ.

ಅಜ್ಜನ ಹೇಳಿಕೆ ಒಂದು ಪುಟದ್ದು. ಅದರಲ್ಲಿ ಅವರು ಹೇಳಿದ್ದು ಇಷ್ಟು: “ನಾನು ಧಣಿಗಳ ವಕ್ಕಲು. ನನ್ನ ತಂದೆಯವರೂ ಧಣಿಗಳ ವಕ್ಕಲು. ನಾವು ಮೊದಲಿನಿಂದ ವಕ್ಕಲಾಗಿಯೇ ಇರುತ್ತೇವೆ. ಬೈಲುಗದ್ದೆಯನ್ನು ವಕ್ಕಲಾಗಿ ಮಾಡುತ್ತಿರುತ್ತೇನೆ.” ನಾಲ್ಕು ವಾಕ್ಯ, ನಾಲ್ಕು ಸಲ ಅದೇ ಪದ. ‘ಗೇಣಿದಾರ’ ಎಂಬ ಮಾತು ಒಮ್ಮೆಯೂ ಇಲ್ಲ. ಅದು ಕಾಯಿದೆಯ ಪದ, ಏಳನೆಯ ನಮೂನೆಯ ಅಚ್ಚಿನಲ್ಲಿದ್ದ ಪದ, ಅಜ್ಜನ ಬಾಯಿಗೆ ಅದು ಬರಲಿಲ್ಲ. ತಮ್ಮ ಬಾಳಿನ ಎಲ್ಲವನ್ನೂ, ಮನೆ, ಗದ್ದೆ, ದುಡಿಮೆ, ಧಣಿಗೂ ತಮಗೂ ಇದ್ದ ಸಂಬಂಧ, ಇಷ್ಟನ್ನೂ ಹೇಳಬಲ್ಲ ಒಂದೇ ಪದವನ್ನು ಅವರು ನಾಲ್ಕು ಸಲ ಹೇಳಿದರು.

ಎದುರುಪಕ್ಷದ ಹೇಳಿಕೆಯನ್ನು ಬರೆದವರು ಭಾಷೆಯನ್ನು ಚೆನ್ನಾಗಿ ಬಲ್ಲವರು. ಅದರಲ್ಲಿ ಪದ ‘ಒಕ್ಕಲು’ ಎಂದು ಶುದ್ಧವಾಗಿದೆ. ಅರ್ಜಿದಾರರು ತಮ್ಮ ಒಕ್ಕಲು ಎಂಬುದನ್ನು ಅವರು ಅಲ್ಲಗಳೆಯಲಿಲ್ಲ. ಅರ್ಜಿದಾರರು ಮನೆಯಡಿಯಲ್ಲಿ ಕುಳಿತ ಒಕ್ಕಲು, ಬೈಲುಗದ್ದೆಯನ್ನು ತಾವು ಸ್ವಂತ ಸಾಗುವಳಿ ಮಾಡುತ್ತಿದ್ದು ಅರ್ಜಿದಾರರು ಅದರಲ್ಲಿ ಕೂಲಿಗೆ ಬರುತ್ತಿದ್ದರು ಎಂಬುದು ಅವರ ವಾದದ ಸಾರ. ಓದಿದಾಗ ಮೊದಲು ಸಿಟ್ಟು ಬಂತು. ಆಮೇಲೆ, ನಿಘಂಟಿನ ದೃಷ್ಟಿಯಿಂದ ಅದರಲ್ಲಿ ತಪ್ಪೇನೂ ಇಲ್ಲವಲ್ಲ ಎಂದು ಹೊಳೆದು ಇನ್ನಷ್ಟು ಕಸಿವಿಸಿಯಾಯಿತು. ಪದದ ಮೊದಲನೆಯ ಅರ್ಥವನ್ನು ಹಿಡಿದು ಎರಡನೆಯದನ್ನು ಅವರು ಬಿಟ್ಟುಬಿಟ್ಟಿದ್ದರು, ಅಷ್ಟೇ. ಇಬ್ಬರೂ ಒಂದೇ ಮಾತನ್ನಾಡಿದ್ದರು.

ಅರ್ಜಿ ತಿರಸ್ಕೃತವಾಯಿತು. ಅದಕ್ಕೆ ಒಂದು ಪದವೇ ಕಾರಣವೆಂದು ನಾನು ಹೇಳಲಾರೆ. ಅಜ್ಜನ ಬಳಿ ಒಂದು ಗೇಣಿ ರಸೀದಿಯೂ ಇರಲಿಲ್ಲ. ವರ್ಷವರ್ಷ ಧಣಿಯ ಅಂಗಳಕ್ಕೆ ಹೋದ ಮುಡಿಗಳಿಗೆ ರಸೀದಿ ಕೇಳುವ ಪದ್ಧತಿಯೇ ಇರಲಿಲ್ಲವೆಂದು ಅಜ್ಜಿ ಹೇಳುತ್ತಾರೆ. ಪಹಣಿಯ ಸಾಗುವಳಿ ಕಲಮಿನಲ್ಲಿ ಅಜ್ಜನ ಹೆಸರೂ ಇರಲಿಲ್ಲ. ಇಂಥ ಸಾಕ್ಷ್ಯದ ಮೇಲೆ ಬೇರೆ ತೀರ್ಮಾನ ಸಾಧ್ಯವಿತ್ತೇ ಎಂಬುದನ್ನು ಕಾನೂನು ಬಲ್ಲವರು ಹೇಳಬೇಕು. ಮುಂದೆ ಬೇರೊಂದು ಅರ್ಜಿಯ ಮೇಲೆ ಮನೆಯಡಿ ನಮ್ಮದಾಯಿತು. ಗದ್ದೆ ಆಗಲಿಲ್ಲ. ಭಾಷಾಭ್ಯಾಸಿಯಾಗಿ ನಾನು ಗಮನಿಸುವುದು ಇಷ್ಟನ್ನೇ: ಆದೇಶದ ಒಂದು ವಾಕ್ಯ, ಅರ್ಜಿದಾರರು ತಾವು ಒಕ್ಕಲು ಎಂದು ಹೇಳಿಕೊಂಡಿದ್ದಾರೆಯೇ ಹೊರತು ಗೇಣಿಯ ಕರಾರನ್ನು ವಿವರಿಸಿಲ್ಲ ಎಂದು ದಾಖಲಿಸುತ್ತದೆ. ಅಜ್ಜ ಬದುಕಿದ್ದಿದ್ದರೆ, ಒಕ್ಕಲು ಎಂದ ಮೇಲೆ ವಿವರಿಸುವುದಕ್ಕೆ ಇನ್ನೇನು ಉಳಿಯಿತು ಎಂದು ಕೇಳುತ್ತಿದ್ದರೋ ಏನೋ.

ಈ ಪದದ ದುರ್ದೈವವನ್ನು ಇನ್ನೊಂದು ಪದದ ಅದೃಷ್ಟದ ಪಕ್ಕದಲ್ಲಿಟ್ಟು ನೋಡಬೇಕೆನಿಸುತ್ತದೆ. ‘ರೈತ’ ಎಂಬುದು ಅರಬ್ಬಿಯಿಂದ ಪಾರಸಿಯ ಮೂಲಕ ಬಂದ ಪದ. ಮೂಲದಲ್ಲಿ ಅದಕ್ಕೆ ಕಾಯಲ್ಪಡುವ ಹಿಂಡು, ಅದರಿಂದ ಆಳಲ್ಪಡುವ ಪ್ರಜೆ ಎಂಬ ಅರ್ಥ. ಒಡೆಯನ ಅಧೀನದಲ್ಲಿರುವವನು ಎಂಬ ವಿಷಯದಲ್ಲಿ ರೈತನಿಗೂ ಒಕ್ಕಲಿಗೂ ಹುಟ್ಟಿನಲ್ಲಿ ಭೇದವಿಲ್ಲ. ಆದರೆ ‘ರೈತ’ ಮೇಲೆದ್ದಿತು. 1951ರಲ್ಲಿ ಸಾಗರ ಸೀಮೆಯ ಕಾಗೋಡಿನಲ್ಲಿ ಗೇಣಿಯ ಅಳತೆಯ ಕೊಳಗದ ಪ್ರಶ್ನೆಯಿಂದ ಸತ್ಯಾಗ್ರಹ ಎದ್ದಾಗ ಭೂಮಾಲಿಕರ ಎದುರು ನಿಂತವರು ಅದೇ ಒಕ್ಕಲುಗಳು. ಇತಿಹಾಸ ಅದನ್ನು ಕರೆಯುವುದು ಮಾತ್ರ ರೈತ ಹೋರಾಟ ಎಂದು. 1980ರಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡ ಮೇಲೆ ಹಸಿರು ಶಾಲು ಹೊದ್ದು ‘ನಾನು ರೈತ’ ಎನ್ನುವುದು ಸರ್ಕಾರದ ಕಚೇರಿಯ ಬಾಗಿಲಲ್ಲಿ ಎದೆ ಸೆಟೆಸುವ ಮಾತಾಯಿತು. ‘ನಾನು ಒಕ್ಕಲು’ ಎಂದು ನಮ್ಮ ಕರಾವಳಿಯಲ್ಲಿ ಯಾರೂ ಎದೆ ಸೆಟೆಸಿ ಹೇಳಿದ್ದನ್ನು ನಾನು ಕೇಳಿಲ್ಲ. ಭೂಸುಧಾರಣೆ ಒಕ್ಕಲನ್ನು ಒಡೆಯನನ್ನಾಗಿ ಮಾಡಿದ ಕಡೆಗಳಲ್ಲಿ ಪದವನ್ನು ಹಳೆಯ ಅಂಗಿಯಂತೆ ಕಳಚಿ ಎಸೆದರು. ಅದು ನ್ಯಾಯವೇ. ಹೊಸ ಪೀಳಿಗೆಗೆ ಕರೆಯೋಲೆಯಲ್ಲಿಯೂ ಅದು ಬೇಡವಾಗಿದೆ. ಕಳೆದ ವರ್ಷ ನನ್ನ ಚಿಕ್ಕಪ್ಪನ ಮಗ ಅದೇ ಮನೆಯಡಿಯಲ್ಲಿ ತಾರಸಿಯ ಮನೆ ಕಟ್ಟಿಸಿದಾಗ ಅಚ್ಚಾದದ್ದು ‘ಗೃಹಪ್ರವೇಶ’. ಅಜ್ಜಿ ಮಾತ್ರ ಫೋನಿನಲ್ಲಿ ನೆಂಟರಿಗೆಲ್ಲ “ಮನೆ ಒಕ್ಕಲ್, ಎಲ್ಲ ಬನಿ” ಎಂದು ಹೇಳುತ್ತಿದ್ದರು.

ಮಾರ್ಗದರ್ಶಕರೊಡನೆ ಈ ಕುರಿತು ಎರಡು ಸಲ ಚರ್ಚಿಸಿದೆ. ದಾಖಲೆಗಳ ಉದ್ಧರಣೆಯಲ್ಲಿ ಮೂಲದ ಬರೆಹವನ್ನು ಉಳಿಸಬೇಕೆಂಬ ನಿಯಮವನ್ನು ಅವರೇನೂ ಅರಿಯದವರಲ್ಲ. ಪರೀಕ್ಷಕರು ಅದನ್ನು ನನ್ನ ಕಾಗುಣಿತದ ದೋಷವೆಂದು ಭಾವಿಸಿಯಾರು ಎಂಬುದು ಅವರ ಕಾಳಜಿಯಾಗಿತ್ತು. ಕೊನೆಗೆ, ನನ್ನ ವಾಕ್ಯಗಳಲ್ಲಿ ‘ಒಕ್ಕಲು’, ಉದ್ಧೃತ ವಾಕ್ಯಗಳಲ್ಲಿ ದಾಖಲೆಯಲ್ಲಿರುವಂತೆಯೇ ‘ವಕ್ಕಲು’ ಎಂದು ಅಧ್ಯಾಯದ ಮೊದಲಲ್ಲೇ ಒಂದು ಸೂಚನೆ ಕೊಡುವುದೆಂದು ತೀರ್ಮಾನವಾಯಿತು. ಮೂರು ತಪ್ಪುಗಳನ್ನು ತಿದ್ದಿಕೊಂಡೆ. ಹದಿನಾಲ್ಕನ್ನು ಬಿಟ್ಟೆ. ಆ ಪುಟವನ್ನು ಅಜ್ಜಿಗೆ ಓದಿ ಹೇಳಿದಾಗ ಅವರಿಗೆ ಅಕ್ಷರದ ಪ್ರಶ್ನೆ ಅರ್ಥವಾಗಲಿಲ್ಲ. ಹೇಗೆ ಬರೆದರೂ ಓದುವಾಗ ಒಂದೇ ಅಲ್ಲವೇ ಎಂದರು. ಬೈಲುಗದ್ದೆಯ ಮಾತು ಬಂದಾಗ, ಅದನ್ನು ಈಗ ಯಾರು ಮಾಡುತ್ತಾರೆ ಎಂದು ಕೇಳಿದೆ. ಧಣಿಯ ಮನೆಯವರೆಲ್ಲ ಪರಸ್ಥಳದಲ್ಲಿದ್ದಾರೆ. ಗದ್ದೆ ಕೆಲವು ವರ್ಷಗಳಿಂದ ಹಡಿಲು ಬಿದ್ದಿದೆ.